ಕೊಳೆಯದ ಕಬ್ಬು

ಸಸ್ಯರೋಗಶಾಸ್ತ್ರದ ಎಂ.ಎಸ್ಸಿ. ಪದವಿಗೆ ನಾನೊಂದು ಪ್ರಯೋಗ ಮಾಡಿ ತೋರಿಸಬೇಕಿತ್ತು. ಕೊಳೆತ ಕಬ್ಬಿನ ಬೂಷ್ಟನ್ನು ಬೆಳೆಸಿ, ಆರೋಗ್ಯವಾದ ಕಬ್ಬಿಗೆ ಚುಚ್ಚಿ, ಅದೇ ಕೆಂಪು ಕೊಳೆ ರೋಗ ಬರಿಸಬೇಕು. ಬರದಿದ್ದರೆ ಪದವಿಯಿಲ್ಲ. ಯಲಿಯೂರಿನ ಸೋದರಮಾವನ ಗದ್ದೆಯಲ್ಲಿ ಆ ರೋಗ ಹಬ್ಬಿತ್ತು; ಕೊಳೆತ ಜಲ್ಲೆಯನ್ನು ಅಲ್ಲಿಂದಲೇ ತಂದೆ.

"ವಾಸಿ ಮಾಡಾಕೆ ಓದ್ತೀಯೋ, ಅಂಟ್ಸಾಕೆ ಓದ್ತೀಯೋ?" ಎಂದರು ಮಾವ.

"ಕಾರಣ ಗೊತ್ತಾಗದೆ ಮದ್ದು ಹುಡುಕೋದು ಹೆಂಗೆ ಮಾವ?" ಎಂದು ವಾದದಲ್ಲಿ ಗೆದ್ದೆ.

ಕಾಲೇಜಿನ ಕುಂಡಗಳಲ್ಲಿ ನಾನು ಚುಚ್ಚಿದ ಕಬ್ಬೆಲ್ಲ ಹಸಿರಾಗಿಯೇ ನಿಂತಿತು. ಪದವಿ ತಪ್ಪಿತೆಂದು ಹೇಳಲು ಹೋದಾಗ ಮಾವ ತಮ್ಮ ಬೆಳೆಯನ್ನು ಕಿತ್ತು ಸುಡುತ್ತಿದ್ದರು.

"ನಿನ್ ಕಬ್ಬು ಬದುಕೈತಾ?"

"ಬದುಕಿದೆ."

"ಅಂಗಾದ್ರೆ ತಂದ್ಕೊಡು ಕಣ್ಲಾ, ಬಿತ್ನೆಗಾಯ್ತದೆ."

ರೋಗ ಅದರೊಳಗೆ ಅಡಗಿಲ್ಲವೆಂದು ಹೇಳಲು ನನ್ನಲ್ಲಿ ಪುರಾವೆಯಿರಲಿಲ್ಲ. ಹಿಂದಿರುಗಿ ಅದನ್ನೂ ಸುಟ್ಟೆ.