ಅಯ್ನಾರ ಕಂಪ್ಯೂಟರಿಗೆ ನೀರು ಬೇಕಂತ

ಉಣಕಲ್ಲಿನಲ್ಲಿ ನಮ್ಮ ಮನೆಗೆ ಹತ್ತಿದ ಗೋಡೆ ಮಹಾಂತಯ್ಯನವರದು. ಜಂಗಮರು, ಹಾಗಾಗಿ ಓಣಿಗೆಲ್ಲ ಅವರು ಅಯ್ನಾರು. ಮೂವತ್ತೊಂದು ವರ್ಷ ಬೇಲೂರು ಕೈಗಾರಿಕಾ ಪ್ರದೇಶದ ಒಂದೇ ಕಾರ್ಖಾನೆಯಲ್ಲಿ ಎರಕದ ಅಚ್ಚುಗಳ ನಕ್ಷೆ ತೆಗೆದವರು. ನಿವೃತ್ತಿಯ ದಿನ ಒಂದು ಶಾಲು, ಒಂದು ಗಡಿಯಾರ ಕೊಟ್ಟು ಕಳಿಸಿದ ಕಾರ್ಖಾನೆಯವರೇ ಮೂರು ತಿಂಗಳಿಗೆ ಫೋನು ಮಾಡಿ, ‘ಅಯ್ನಾರ, ನೀವು ಹ್ವಾದಮ್ಯಾಲ ಒಂದು ಅಚ್ಚೂ ಸರಿ ಕುಂದ್ರವಲ್ದು’ ಎಂದರು. ಅಂದಿನಿಂದ ಅವರ ಪಡಸಾಲೆಯೇ ಕಚೇರಿ.

ಅವರ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ನಳದ ನೀರು ಎಂಟು ದಿನಕ್ಕೊಮ್ಮೆ ಬಂದರೆ ಅರ್ಜಿ ಬರೆಯುತ್ತಾರೆ. ಅರ್ಜಿಯ ಜೊತೆ ಓಣಿಯ ಪೈಪಿನ ನಕ್ಷೆಯನ್ನೂ ಅಳತೆ ಸಮೇತ ಹಚ್ಚುತ್ತಾರೆ. ನೀರಂತೂ ಬಂದಿಲ್ಲ. ನಕ್ಷೆ ಮಾತ್ರ ಛಲೋ ಇದೆ ಎಂದು ಕಚೇರಿಯವರು ಇಟ್ಟುಕೊಂಡರಂತೆ.

ಈ ಮಾರ್ಚಿನಲ್ಲಿ ಅವರ ಕಂಪ್ಯೂಟರು ಕಾದು ಕಾದು ತಾನೇ ಆರತೊಡಗಿತು. ಕೈಯಲ್ಲಿದ್ದದ್ದು ಒಂದು ಪಂಪಿನ ಕವಚದ ಅಚ್ಚು. ಸೋಮವಾರ ನಕ್ಷೆ ಮುಟ್ಟದಿದ್ದರೆ ಕೆಲಸ ಪುಣೆಯವರ ಪಾಲು. ಒಮ್ಮೆ ಪುಣೆ ಕಂಡ ಕೆಲಸ ಉಣಕಲ್ಲಿಗೆ ತಿರುಗಿ ಬರುವುದಿಲ್ಲ. ಅಯ್ನಾರು ಯಂತ್ರವನ್ನು ವಿದ್ಯಾನಗರದ ಒಂದು ಗಾಜಿನ ಬಾಗಿಲ ಅಂಗಡಿಗೆ ಒಯ್ದರು. ಅಂಗಡಿಯ ಪರಮೇಶ ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಫ್ಯಾನು ಸಾಲದು, ವಾಟರ್ ಕೂಲಿಂಗ್ ಹಾಕಿಸಿರಿ ಎಂದ.

ಗುರುವಾರ ಸಂಜೆ ಅಯ್ನಾರು ಯಂತ್ರವನ್ನು ಮನೆಗೆ ತಿರುಗಿ ತಂದಿಟ್ಟು ನಮ್ಮ ಕಟ್ಟೆಗೆ ಬಂದು ಕೂತರು. ಹಿಂದೆಯೇ ಅವರ ಹೆಂಡತಿ ದಾನವ್ವ.

‘ನೀರಂತ, ಸಾವಕಾರ್ರ. ಮನಷ್ಯಾರಿಗಿಲ್ಲದ ನೀರು ಕಂಪ್ಯೂಟರಿಗೆ.’

‘ದಿನಾ ಎಷ್ಟು ಕೊಡ ಬೇಕಂತ?’ ಎಂದರು ದಾನವ್ವ. ‘ಟಾಕಿ ತಳ ಕಾಣಾಕತ್ತೈತಿ.’

‘ನೀರು ಒಳಗ ತುಂಬಿ ಮುಚ್ಚಿರತಾರಂತ. ನಾವೇನೂ ಹಾಕೂದಿಲ್ಲ.’

‘ಹಂಗಾರ ಈ ಓಣ್ಯಾಗ ಸುಖವಾಗಿರೂದು ಅದೊಂದ.’

ಅಯ್ನಾರಿಗೆ ನಗು ಬರಲಿಲ್ಲ. ‘ನನಗ ಅಂಕಲ್ ಅಂದ. ಅಂಕಲ್, ಫ್ಯಾನು ಬರೇ ಟೈಪ್ ಮಾಡವ್ರಿಗೆ ಸಾಕು ಅಂದ. ಕಾದ ಲೋಹದಾಗಿಂದ ಕಾವು ಎಲ್ಲಿಗೆ ಹೋಗತೈತಿ ಅಂತ ಮೂವತ್ತೊಂದು ವರ್ಷ ನಕ್ಷಿ ತಗದಾವ ನಾನು. ನನಗ ಕಾವಿನ ಪಾಠ ಹೇಳ್ತಾನ.’

‘ಮತ್ತ ಯಾಕ ಕೇಳಿ ಬಂದ್ರಿ?’ ಎಂದೆ.

‘ಸೋಮವಾರ ಐತಲ್ಲ.’

ಶುಕ್ರವಾರ ಅಯ್ನಾರು, ನಾನು ಇಬ್ಬರೂ ಅಂಗಡಿಗೆ ಹೋದೆವು. ನನಗೆ ಕಂಪ್ಯೂಟರು ತಿಳಿಯುವುದಿಲ್ಲ. ಆದರೆ ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿದ್ದೇನೆ, ಮಾರುವವರ ಮುಖ ತಿಳಿಯುತ್ತದೆ. ಪರಮೇಶ ಡಬ್ಬಿ ಬಿಚ್ಚಿದ. ಎರಡು ಕರಿ ನಳಿಗೆ, ಒಂದು ಜಾಳಿಗೆ, ಬಣ್ಣ ಬದಲಿಸುವ ದೀಪದ ಮೂರು ಫ್ಯಾನು.

‘ಕಾವನ್ನ ನೀರು ಹೊತ್ತುಕೊಂಡು ಹೋಗತೈತ್ರಿ,’ ಎಂದ.

‘ಎಲ್ಲಿಗೆ?’ ಎಂದೆ.

‘ಈ ಜಾಳಿಗಿಗೆ.’

‘ಅಲ್ಲಿ ನೀರನ್ನ ಯಾರು ಆರಸ್ತಾರ?’

‘ಫ್ಯಾನ್ ರೀ.’

‘ಅಂದ್ರ ಕಡೀಕ ಗಾಳೀನ.’

‘ಹಂಗಲ್ರಿ ಸರ್, ಇದರ ಗತ್ತ ಬ್ಯಾರೆ.’

‘ದೀಪ ಯಾಕ?’ ಎಂದರು ಅಯ್ನಾರು.

‘ಚಂದ ಕಾಣತೈತ್ರಿ ಅಂಕಲ್.’

‘ನಾ ಅದನ್ನ ಮೇಜಿನ ಕೆಳಗ ಇಡ್ತೇನಿ.’

ನಾಲ್ಕು ವರ್ಷ ಸಾಕಾಗಿದ್ದ ಫ್ಯಾನು ಈಗೇಕೆ ಸಾಲದು ಎಂದು ಕೇಳಿದೆ. ಪರಮೇಶ ಅಯ್ನಾರ ಹಣೆ ನೋಡಿದ, ಆಮೇಲೆ ಮಾಳಿಗೆ ನೋಡಿದ. ‘ಬ್ಯಾಸಗಿ ರೀ,’ ಎಂದ.

ಹತ್ತಿಯ ಅಂಡಿಗೆ ತೋರಿಸುವವ ಮಾಳಿಗೆ ನೋಡಿದರೆ ನಾನು ಒಳಗೆ ಕೈ ಹಾಕಿ ನೋಡದೆ ಬಿಡುವವನಲ್ಲ. ಬರಿಗೈಲೆ ಅಯ್ನಾರನ್ನು ಎಬ್ಬಿಸಿಕೊಂಡು ಅವರ ಪಡಸಾಲೆಗೆ ಬಂದೆ. ‘ಜಿನ್ನಿಂಗ್ ಮಿಲ್ಲಿನ್ಯಾಗ ಮೋಟಾರು ಕಾದ್ರ ಮೊದಲ ಹತ್ತಿ ಅರಳಿ ಧೂಳು ತಗೀತೇವಿ. ಬಿಚ್ಚರಿ ಇದನ್ನ,’ ಎಂದೆ. ಸಾವಿರ ಅಚ್ಚುಗಳ ಹೊಟ್ಟೆಯೊಳಗಿನದನ್ನು ಬರೆದ ಮನುಷ್ಯ ತನ್ನ ಕಂಪ್ಯೂಟರಿನ ಒಂದು ತಿರುಪನ್ನೂ ಬಿಚ್ಚಿರಲಿಲ್ಲ.

ಮುಂದಿನ ಜಾಳಿಗೆ, ಫ್ಯಾನಿನ ರೆಕ್ಕೆ, ಅದರ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿ, ಎಲ್ಲ ಕಡೆ ಬೂದುಬಣ್ಣದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ದಾನವ್ವ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ಮೂಸಿದರು.

‘ವಿಭೂತಿ,’ ಎಂದರು.

ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಬೆರಳಲ್ಲಿ ಉಳಿದ ವಿಭೂತಿಯನ್ನು ಅಯ್ನಾರು ಹೊಸ್ತಿಲಿಗೆ, ಗ್ಯಾಸ್ ಒಲೆಗೆ, ಸ್ಕೂಟರಿಗೆ, ಕಡೆಗೆ ಕಂಪ್ಯೂಟರಿಗೆ ಹಚ್ಚುತ್ತಾರೆ. ಒಣ ವಿಭೂತಿ, ಮೂರು ಪಟ್ಟೆ, ಸರಿಯಾಗಿ ಮುಂದಿನ ಜಾಳಿಗೆಯ ಮೇಲೆ, ಯಂತ್ರ ಗಾಳಿ ಎಳೆದುಕೊಳ್ಳುವಲ್ಲಿ. ನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ.

ಅಯ್ನಾರು ಆ ಹಿಟ್ಟನ್ನು ಒಂದು ಕಾಗದದ ಮೇಲೆ ಕೆರೆದುಕೊಂಡರು. ಆಮೇಲೆ, ‘ಅವ ಬಿಚ್ಚಿ ನೋಡ್ಯಾನ,’ ಎಂದರು. ‘ನೋಡಿ ಮುಚ್ಚ್ಯಾನ. ನೀರಿನ ಜಾಳಿಗಿ ಹಾಕಿದ್ರ ಅದೂ ಹಿಂಗ ತುಂಬತಿತ್ತು.’

ನಾನು ಗೋದಾಮಿನಿಂದ ಬ್ಲೋವರ್ ತಂದೆ, ದಾನವ್ವ ಹಳೆಯ ಬಣ್ಣದ ಬ್ರಷ್ಷು ಕೊಟ್ಟರು. ಶನಿವಾರ ಯಂತ್ರ ನಾಲ್ಕು ತಾಸು ಬಂದಾಗದೆ ನಡೆಯಿತು. ಭಾನುವಾರ ಸಂಜೆಗೇ ನಕ್ಷೆ ಬೇಲೂರಿಗೆ ಹೋಯಿತು. ಪುಣೆ ಪುಣೆಯಲ್ಲೇ ಉಳಿಯಿತು.

ಇಷ್ಟಕ್ಕೆ ಬೇರೆಯವರಾದರೆ ತಣ್ಣಗಾಗುತ್ತಿದ್ದರು. ಅಯ್ನಾರು ಮಂಗಳವಾರ ನನ್ನನ್ನೂ ಕರೆದುಕೊಂಡು ಹೋಗಿ, ಆ ಹಿಟ್ಟಿನ ಪೊಟ್ಟಣವನ್ನು ಪರಮೇಶನ ಗಾಜಿನ ಮೇಜಿನ ಮೇಲೆ ಬಿಚ್ಚಿಟ್ಟರು.

‘ಇದನ್ನ ನೋಡಿದ್ದ್ಯೋ ಇಲ್ಲೋ?’

ಅವನ ಹಣೆಯಲ್ಲೂ ಸಣ್ಣಗೆ ಅದೇ ಇತ್ತು. ‘ನೋಡಿದ್ದೆ, ಅಯ್ನಾರ,’ ಎಂದ. ‘ಅಂಕಲ್’ ಎಂಬುದು ಹೋಗಿತ್ತು. ‘ದೇವರ ವಿಷಯ. ನಿಮ್ಮಂಥವರಿಗೆ ಹೆಂಗ ಹೇಳೂದು ಅಂತ ಸುಮ್ಮನಾದೆ.’

‘ದೇವರ ಹೆಸರು ಹೇಳಿ ಖರೇ ಮಾತು ನುಂಗಿದಿ. ನೀರಿನ ಡಬ್ಬಿ ಮಾರೂ ಮುಂದ ದೇವರು ಅಡ್ಡ ಬರಲಿಲ್ಲೇನು? ನನ್ನ ಹಣಿಗೆ ಕೈ ಮುಗದು ನನ್ನ ಕಿಸೇಕ ಕೈ ಹಾಕ್ತಿ.’

ಪರಮೇಶ ತಲೆ ತಗ್ಗಿಸಿದ. ನಾನು ಮೀಸೆಯಲ್ಲೇ ನಗುತ್ತಿದ್ದೆ. ಅಯ್ನಾರು ನನ್ನತ್ತ ತಿರುಗಿದರು.

‘ನೀವೇನ ನಗ್ತೀರಿ, ಸಾವಕಾರ್ರ? ನಾಲ್ಕು ವರ್ಷದಿಂದ ದಿನಾ ನಮ್ಮನ್ಯಾಗ ಚಾ ಕುಡೀತೀರಿ. ನಾ ವಿಭೂತಿ ಎಲ್ಲಿ ಹಚ್ತೇನಿ ಅಂತ ಕಂಡಿಲ್ಲೇನು?’

ಕಂಡಿದ್ದೆ. ಜಂಗಮರ ಮನೆಯಲ್ಲಿ ಕೂತು, ಅವರ ಚಹಾ ಕುಡಿಯುತ್ತ, ಹೆಂಗ ಹೇಳೂದು ಅಂತ ನಾನೂ ಸುಮ್ಮನಿದ್ದೆ.

ಈಗ ಅಯ್ನಾರು ಕಂಪ್ಯೂಟರಿಗೆ ಮೂರು ಪಟ್ಟೆ ಹಚ್ಚುವುದು ತೂತಿಲ್ಲದ ಪಕ್ಕದ ತಗಡಿಗೆ. ಉದುರಬಾರದೆಂದು ವಿಭೂತಿಯನ್ನು ಅಂಗೈಯಲ್ಲಿ ಕಲಸಿಕೊಳ್ಳುತ್ತಾರೆ. ಅವರ ಕಂಪ್ಯೂಟರಿಗೆ ತಗಲುವ ನೀರು ಅಷ್ಟೇ, ಒಂದು ಉದ್ಧರಣೆ. ಅದಕ್ಕೂ ದಾನವ್ವ ಟಾಕಿಯ ಕಡೆ ಒಮ್ಮೆ ನೋಡುತ್ತಾರೆ.