ಟೆಂಟಿಗೆ ನೀರು ಹೊಡೆದ ಸಂಜೆ

ಆಪಾ ಜೇವರ್ಗಿಯ ಸುದ್ದಿ ತಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. "ಮಗಳು ಅಲ್ಲಿ ಹೊಲಿಗಿ ಅಂಗಡಿ ತೆರ್ಯಾಕತ್ತಾಳ ಬೇ. ನಾನೂ ಮಷೀನ್ ತಗೊಂಡು ಅಲ್ಲಿಗೇ ಹೊಂಟೇನಿ" ಅಂದಳು.

ನಮ್ಮ ಕಡೆ ಹೊರಟವರಿಗೆ 'ಹೋಗಿ ಬಾ' ಅನ್ನಬೇಕು. ಅನ್ನದೆ ಕಳಿಸಿದರೆ ಬೈದು ಕಳಿಸಿದ ಹಾಗೆ. ನಾನು ಅನ್ನಲಿಲ್ಲ. ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡೆ, ರೊಟ್ಟಿ ಹರಿಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಾನು ಕಲಿಸುವ ನರೋಣಾ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಹೊತ್ತು ಒಳಗಿದ್ದದ್ದು ಬರೀ ಸಂಕಟ.

ಆಪಾ ನನ್ನ ಗೋಡೆಯ ಆಚೆಯವಳು. ಇಬ್ಬರೂ ಒಂದೇ ಬೇಸಿಗೆಯಲ್ಲಿ ಆಳಂದದ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ನನಗಿಂತ ತುಸು ದೊಡ್ಡವಳಾದ್ದರಿಂದ ನನಗೆ ಆಪಾ. ಬೇಸಿಗೆಯಲ್ಲಿ ನಮ್ಮಲ್ಲಿ ಮನೆಯೊಳಗೆ ಮಲಗುವವರು ಯಾರು? ಸಂಜೆಯಾದರೆ ಬಕೆಟ್ ಹೊತ್ತು ಮನೆಯ ಮೇಲಿನ ಬಯಲು ಮಾಳಿಗೆ ಹತ್ತಿ, ಅಲ್ಲಿ ಹಾಸಿದ ಕಾದ ಪರಸಿ ಕಲ್ಲಿಗೆ ನೀರು ಹೊಡೆಯುವುದು. ಕಲ್ಲು ಚೊಂಯ್ ಎಂದು ಕುಡಿದು ತಣ್ಣಗಾದ ಮೇಲೆ ಹಾಸಿಗೆ. ಎರಡು ಮಾಳಿಗೆಗಳ ನಡುವೆ ಎದೆಯೆತ್ತರದ ಗೋಡೆ. ಅತ್ತೆಯರ ಮೇಲಿನ ಚಾಡಿ, ಹೆರಿಗೆಯ ಹೆದರಿಕೆ, ಅವಳ ಗಂಡ ತೀರಿಕೊಂಡಾಗಿನ ಅಳು, ಎಲ್ಲವೂ ಆ ಗೋಡೆ ದಾಟಿವೆ. ಆಮೇಲೆ ಕೂಲರ್ ಬಂತು, ಮೊಣಕಾಲು ನೋವು ಬಂತು, ಮಾಳಿಗೆ ತಪ್ಪಿತು.

ರೊಟ್ಟಿ ಹರಿದ ಮರುವಾರ ಆಪಾ ಮೊಬೈಲ್ ಹಿಡಿದು ಬಂದಳು. ಚಿಂಚೋಳಿ ಕಾಡಿನಲ್ಲಿ, ನೀರಿನ ದಂಡೆಗೆ, ಸಾಲಾಗಿ ಟೆಂಟ್‌ಗಳು.

"ಹೋಗೂದ್ರೊಳಗ ಒಂದ್ ರಾತ್ರಿ ಇಲ್ಲಿ ಮಲಗೂಣು ಬೇ. ಮನ್ಯಾಗ ನಮ್ಮನ್ನ ಯಾರು ಮಾತಾಡಾಕ ಬಿಡ್ತಾರ?"

ನಾನು ಕೂಡಲೇ ಒಪ್ಪಿದೆ. ಕಾಡಿನ ಆಸೆಗಲ್ಲ, ಅಲ್ಲಿ ಒಬ್ಬಳೇ ಸಿಗುತ್ತಾಳೆ, ಹೋಗಬೇಡ ಎಂದು ಹೇಳಿ ಮನಸ್ಸು ತಿರುಗಿಸಬೇಕೆಂದು.

ಬಸ್ಸಿನಲ್ಲಿ ನಮ್ಮ ಸಾಮಾನು ನೋಡಿದವರು ಯಾವ ಊರಿನ ಮದುವೆ ಎಂದು ಕೇಳಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಕೌದಿ, ಆಪಾಳ ಎಲೆ ಅಡಿಕೆಯ ಪಾನ್‌ದಾನ್. ಕಾಡು ಒಣಗಿ ನಿಂತಿತ್ತು, ಆದರೂ ನೀರಿನ ಮೇಲಿಂದ ಗಾಳಿ ಬರುತ್ತಿತ್ತು. ಆಪಾ ಸಣ್ಣ ಹುಡುಗಿಯ ಹಾಗೆ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಎಷ್ಟು ಚೆಂದ ಕಂಡಳೆಂದರೆ ನನ್ನ ಹೊಟ್ಟೆ ಉರಿಯಿತು. ಇವಳನ್ನು ಜೇವರ್ಗಿಗೆ ಯಾಕೆ ಕೊಡಬೇಕು?

ಹೊತ್ತು ಮುಳುಗುವಾಗ ಟೆಂಟಿನೊಳಗೆ ಕಾಲಿಟ್ಟರೆ ತಳವೆಲ್ಲ ಬಿಸಿ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಅವಳೊಂದು ಬಕೆಟ್, ನಾನೊಂದು ಬಕೆಟ್ ತಂದು ಒಳಗೆ ಸುರಿದೆವು. ಹುಟ್ಟು ಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ. ಟೆಂಟಿನ ತಳ ಪ್ಲಾಸ್ಟಿಕ್ಕಿನದು. ನೀರಿಗೆ ಹೋಗಲು ದಾರಿಯೇ ಇಲ್ಲ. ಮೂಲೆಯಲ್ಲಿ ಮಡಚಿಟ್ಟಿದ್ದ ಗಾದಿ ತೊಯ್ದು ತೊಪ್ಪೆಯಾಯಿತು, ಆಪಾಳ ಚಪ್ಪಲಿ ತೇಲಿತು.

ಕಾವಲುಗಾರ ಓಡಿ ಬಂದ. "ಅಯ್ಯ ಅಕ್ಕಾರ, ಟೆಂಟಿನ್ಯಾಗ ನೀರ್ ಯಾಕ ಹೊಡದ್ರಿ?"

"ತಂಪಾಗ್ಲಿ ಅಂತ್ರಿ" ಅಂದೆ.

"ಯಾ ಅಲ್ಲಾ, ಈಕಿ ಟೀಚರ್ ಅದಾಳ್ರಿ, ನಾ ಈಕಿ ಮಾತ್ ಕೇಳ್ದೆ" ಎಂದು ಆಪಾ ಎಲ್ಲವನ್ನೂ ನನ್ನ ತಲೆಗೆ ಕಟ್ಟಿದಳು. ಅವಳ ಕೈಯಲ್ಲಿ ಇನ್ನೂ ಬಕೆಟ್ ಇತ್ತು. ಕಾವಲುಗಾರನಿಗೆ ನಗು ತಡೆಯಲಾಗಲಿಲ್ಲ.

ಬೇರೆ ಟೆಂಟ್ ಖಾಲಿ ಇರಲಿಲ್ಲ. ಬಯಲಿನಲ್ಲಿ ಮಲಗುವಂತಿಲ್ಲ, ಕರಡಿ ಓಡಾಡುತ್ತವೆ. ಕೊನೆಗೆ ಅವನು ಅಡುಗೆಕೋಣೆಯ ಪಕ್ಕದ ಮೆಟ್ಟಿಲು ತೋರಿಸಿದ. ಹತ್ತಿ ನೋಡಿದರೆ ಮಾಳಿಗೆ! ಅದೇ ಪರಸಿ ಕಲ್ಲು! ಅಷ್ಟು ದೂರ ಬಸ್ಸು ಬದಲಿಸಿ ಹೋಗಿ ಮತ್ತೆ ಮಾಳಿಗೆ ಸೇರಿದೆವು. ಮತ್ತೆರಡು ಬಕೆಟ್ ನೀರು ತಂದು ಅಲ್ಲಿ ಹೊಡೆದು, ಕೌದಿ ಹಾಸಿ, ನಗುತ್ತಾ ಬಿದ್ದುಕೊಂಡೆವು.

ನಗು ನಿಂತ ಮೇಲೆ, ಹೋಗಬೇಡ ಅನ್ನಲೆಂದು ಅವಳ ಕಡೆ ಹೊರಳಿದೆ. ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ಎಲ್ಲವನ್ನೂ ಹೇಳಿದವಳು ನಾನು. ಈಗ ನಡುವೆ ಗೋಡೆಯಿಲ್ಲ, ಅವಳ ಮುಖ ಇಲ್ಲೇ ಇತ್ತು.

ಅವಳೇ ಶುರುಮಾಡಿದಳು. "ನೀ ಇನ್ನೂ ಹೋಗಿ ಬಾ ಅಂದಿಲ್ಲ ಬೇ."

"ಅನ್ನಂಗಿಲ್ಲ. ಹೋಗಬ್ಯಾಡ ಆಪಾ."

"ಈ ಕೈ ಇಷ್ಟ್ ದಿನ ಬ್ಯಾರೇದವರ ಅಂಗಡಿಗಿ ಹೊಲೀತು. ಈಗ ನಮ್ದೇ ಅಂಗಡಿ. ನನಗ ಆಸೆ ಅದ. ಆದ್ರ ನೀ ಅನ್ನೂ ಮಟ ನಾ ಗಾಡಿ ಹತ್ತಂಗಿಲ್ಲ, ನೋಡು."

"ಹಂಗಾದ್ರ ಸಾಯೂ ಮಟ ಅನ್ನಂಗಿಲ್ಲ!"

ಆಪಾ ನಕ್ಕು ನನ್ನ ಬೆನ್ನಿಗೆ ಗುದ್ದಿದಳು. ನಾನು ಆ ಕಡೆ ಹೊರಳಿ ಅತ್ತೆ. ಅವಳು ಅದೇ ಕೈಯಿಂದ ಬೆನ್ನು ಸವರುತ್ತಿದ್ದಳು, ಹಾಗೇ ನಿದ್ದೆ ಬಂತು.

ಊರಿಗೆ ಬಂದ ಕೆಲವೇ ದಿನಕ್ಕೆ ಓಣಿಗೆ ಟೆಂಪೋ ಬಂದು ನಿಂತಿತು. ಮಷೀನ್ ಏರಿತು, ಟ್ರಂಕು ಏರಿತು, ಮಗಳು ಏರಿದಳು. ಆಪಾ ಮಾತ್ರ ನನ್ನ ಬಾಗಿಲ ಮುಂದೆ ನಿಂತೇ ಇದ್ದಳು. ಡ್ರೈವರ್ ಹಾರ್ನ್ ಹೊಡೆದ. "ಅಮ್ಮೀ, ಬಾ" ಎಂದು ಮಗಳು ಕರೆದಳು. ಇವಳು ಕದಲಲಿಲ್ಲ. ಆ ರಾತ್ರಿ ಅವಳು ಅಂದದ್ದು ಆಟದ ಮಾತಲ್ಲವೆಂದು ಆಗ ತಿಳಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಪಾ ನಿಜಕ್ಕೂ ಉಳಿಯುತ್ತಿದ್ದಳು.

ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ಆಗಲೇ ನೇತಾಡುತ್ತಿತ್ತು. ಇಳಿದ ಕೂಡಲೇ ಹೊಲಿಯಲು ಕೂರುವವಳ ಹಾಗೆ.

"ಹೋಗಿ ಬಾ ಆಪಾ" ಅಂದೆ.

ನನ್ನ ಕೆನ್ನೆ ಗಟ್ಟಿಯಾಗಿ ಹಿಂಡಿ, ಹಿಂದೆ ನೋಡದೆ ಗಾಡಿ ಹತ್ತಿದಳು.

ಅಂದು ಸಂಜೆ ಮೊಣಕಾಲು ಹಿಡಿದುಕೊಂಡು, ಬಕೆಟ್ ಹೊತ್ತು ಮಾಳಿಗೆ ಹತ್ತಿದೆ. ನನ್ನ ಕಡೆಯ ಕಲ್ಲಿಗೆ ನೀರು ಹೊಡೆದೆ. ಆಮೇಲೆ ಗೋಡೆಯ ಮೇಲೆ ಬಗ್ಗಿ ಅವಳ ಕಡೆಗೂ ಹೊಡೆದೆ. 'ಹೋಗಿ ಬಾ' ಅಂದಾಗ ಬಾ ಎಂದು ಕರೆದವಳೂ ನಾನೇ ಅಲ್ಲವೇ, ಬಂದಾಗ ಕಲ್ಲು ಕಾದಿರಬಾರದು.