ಬಸ್ಸು ಬಂದ ಮೇಲೆ ನುಂಗುವ ಮಾತ್ರೆ

ಗುಂಡ್ಲುಪೇಟೆಯ ನನ್ನ ಮೆಡಿಕಲ್ ಸ್ಟೋರಿಗೆ ಬರುವವರಲ್ಲಿ ಅರ್ಧ ಜನ ದಾರಿಹೋಕರು. ಊಟಿ ಘಾಟಿಗೆ ಹೆದರಿ ವಾಂತಿ ಮಾತ್ರೆ ಕೇಳುವವರು, ಮಲಯಾಳಂ ಭಾಷೆಯಲ್ಲೇ ತಲೆನೋವು ಹೇಳಿಕೊಳ್ಳುವವರು. ಅವರಿಗೆ ಹೆಚ್ಚು ಮಾತು ಬೇಕಿಲ್ಲ. ಉಳಿದವರು ಸುತ್ತಲಿನ ಊರಿನವರು, ತಿಂಗಳ ಮಾತ್ರೆಯವರು. ಅವರನ್ನು ಮಾತ್ರ ನಾನು ಸುಲಭಕ್ಕೆ ಬಿಡುವುದಿಲ್ಲ. ಮಾತ್ರೆ ಹೇಗೆ ನುಂಗಬೇಕು ಅಂತ ಮನೆಗೆ ಹೋಗಿ ಸೊಸೆಗೆ ಏನಂತ ಹೇಳ್ತೀರಿ, ಅದನ್ನ ಈಗ ನನಗೆ ಹೇಳಿ ಅನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಬಸ್ಸಿಗೆ ಹೊತ್ತಾಯ್ತು ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ, ನಾನೂ ಒಂದು ಕಾಲಕ್ಕೆ ಗೊಣಗಿದವಳೇ.

ಈ ಪ್ರಶ್ನೆ ನನ್ನದಲ್ಲ, ಚಾಮರಾಜನಗರದಲ್ಲಿ ನನಗೆ ಕೆಲಸ ಕಲಿಸಿದ ಯಜಮಾನರದು. ಬಸ್ ನಿಲ್ದಾಣದ ಎದುರಿಗೇ ಅವರ ಅಂಗಡಿ. ಡಿ.ಫಾರ್ಮ ಮುಗಿಸಿ ನಾನು ಮೊದಲು ಸೇರಿದ್ದು ಅಲ್ಲಿಗೆ. ಅವರು ಮಾತ್ರೆಯ ಹೊತ್ತನ್ನು ಗಂಟೆಯಲ್ಲಿ ಹೇಳುತ್ತಿರಲಿಲ್ಲ, ಬಸ್ಸಿನಲ್ಲಿ ಹೇಳುತ್ತಿದ್ದರು. ಮೊದಲು ಯಾವ ಊರು ಅಂತ ಕೇಳುವುದು. ಪುಣಜನೂರು ಅಂದರೆ ಸತ್ಯಮಂಗಲದ ಬಸ್ಸು, ಉಮ್ಮತ್ತೂರಿನ ಕಡೆ ಅಂದರೆ ಬೆಳಗಿನ ಮೊದಲ ಬಸ್ಸು ಮತ್ತು ರಾತ್ರಿ ಊರಲ್ಲೇ ತಂಗುವ ಬಸ್ಸು. ಮನೆಯ ಗಡಿಯಾರ ನಿಂತುಹೋಗಬಹುದು, ಬಸ್ಸಿನ ಹಾರನ್ ಮಾತ್ರ ಕಿವಿಗೆ ಬೀಳದೆ ಇರುವುದಿಲ್ಲ ಎನ್ನುವುದು ಅವರ ನಂಬಿಕೆ. ಹೇಳಿ ಮುಗಿಸಿದ ಮೇಲೆ ಆ ಸೊಸೆಯ ಪ್ರಶ್ನೆ. ಒಬ್ಬೊಬ್ಬರಿಗೂ ಹತ್ತು ನಿಮಿಷ! ಕವರಿನ ಮೇಲೆ ಒಂದು-ಸೊನ್ನೆ-ಒಂದು ಅಂತ ಬರೆದು ಕೈಗಿಟ್ಟರೆ ಮುಗೀತಲ್ಲ ಅಂತ ನನಗೆ ಉರಿಯುತ್ತಿತ್ತು. ಆಗ ಹೊಸ ಓದು, ಮೂಗಿನ ತುದಿಯಲ್ಲೇ ಕೋಪ.

ಉಮ್ಮತ್ತೂರಿನಿಂದ ಆಚೆಗಿನ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ಪ್ರತಿ ತಿಂಗಳು ಬರುತ್ತಿದ್ದರು. ಊರಿನ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುವವರು. ಒಮ್ಮೆ ಶಾಲೆಯ ಅಂಗಳದಲ್ಲೇ ಮೂರ್ಛೆ ಬಂದು ಬಿದ್ದಿದ್ದರು. ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಬರೆದಿದ್ದರು. ಇನ್ನೊಂದು ಸಲ ಹೀಗಾದರೆ ಒಲೆ ಮುಂದೆ ನಿಲ್ಲಿಸುವುದಿಲ್ಲ ಅಂತ ಹೆಡ್‌ಮಾಸ್ಟರು ಹೇಳಿಬಿಟ್ಟಿದ್ದರಂತೆ. ಆಕೆಗೆ ಮೂರ್ಛೆಗಿಂತ ಆ ಮಾತಿನ ಭಯವೇ ಹೆಚ್ಚು. ಅಷ್ಟು ಮಕ್ಕಳು ತಟ್ಟೆ ಹಿಡಿದು ತನ್ನ ಮುಂದೆ ಸಾಲು ನಿಲ್ಲುವುದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಬರುವಾಗ ನನಗೂ ಒಂದು ಸ್ಟೀಲ್ ಡಬ್ಬಿಯಲ್ಲಿ ಕಾಳು-ಸೊಪ್ಪು ಬೇಯಿಸಿ ಬಸಿದ ಉಪ್ಪೆಸರು, ಜೊತೆಗೆ ಅದಕ್ಕೆ ಕಲಸಿಕೊಳ್ಳಲು ಎಲೆಯಲ್ಲಿ ಕಟ್ಟಿದ ಖಾರ. ಬಾಡಿಗೆ ರೂಮಿನಲ್ಲಿ ಒಬ್ಬಳೇ ಬೇಯಿಸಿಕೊಳ್ಳುತ್ತಿದ್ದ ನನಗೆ ಆ ದಿನ ಹಬ್ಬ. ಅಂಥ ಉಪ್ಪೆಸರು ಆಮೇಲೆ ನಾನು ಎಲ್ಲೂ ತಿಂದಿಲ್ಲ.

ಒಂದು ತಿಂಗಳು ಆಕೆ ವಾರ ಮುಂಚೆಯೇ ಬಂದರು. ಮಾತ್ರೆ ಖಾಲಿ. ಕೇಳಿದರೆ, ತಲೆ ಭಾರ ಅನ್ನಿಸಿದಾಗಲೆಲ್ಲ ಮಧ್ಯದಲ್ಲಿ ಒಂದೊಂದು ಜಾಸ್ತಿ ನುಂಗಿದ್ದರಂತೆ. ಯಜಮಾನರು ಊಟಕ್ಕೆ ಹೋಗಿದ್ದರು, ಅಂಗಡಿ ತುಂಬ ಜನ. ನನಗೆ ಎಲ್ಲಿತ್ತೋ ಸಿಟ್ಟು.

"ಇದೇನು ಕಡಲೆಪುರಿ ಅನ್ಕೊಂಡಿದೀರಾ? ಬೆಳಿಗ್ಗೆ ಬಸ್ಸು ಬಂದ ಮೇಲೆ ಒಂದು, ರಾತ್ರಿ ಬಸ್ಸು ಬಂದ ಮೇಲೆ ಒಂದು. ಬಸ್ಸು ಬರದೆ ಮಾತ್ರೆ ಮುಟ್ಟಿದರೆ ನೋಡಿ ಮತ್ತೆ."

ನನ್ನ ತಾಯಿಯ ವಯಸ್ಸಿನವರು. ಎಲ್ಲರೂ ನೋಡುತ್ತಿದ್ದಾರೆ ಅಂತ ಸೆರಗು ಎಳೆದುಕೊಂಡು, "ಊ ಕಣವ್ವ, ಮುಟ್ಟಕಿಲ್ಲ" ಅಂದರು. ಸೊಸೆಗೆ ಏನು ಹೇಳ್ತೀರಿ ಅಂತ ನಾನು ಕೇಳಲಿಲ್ಲ. ಮುಂದಿನವರ ಚೀಟಿ ಕೈಗೆ ತೆಗೆದುಕೊಂಡೆ.

ಮುಂದಿನ ತಿಂಗಳು ಅವರು ಬರಬೇಕಾದ ದಿನ ಬರಲಿಲ್ಲ. ಯಜಮಾನರಿಗೆ ಇಂಥವು ತಲೆಯಲ್ಲೇ ಇರುತ್ತಿದ್ದವು. ಮಾತ್ರೆ ಮುಗಿದು ನಾಲ್ಕು ದಿನ ಆಯಿತಲ್ಲ, ಉಮ್ಮತ್ತೂರು ಕಡೆಯ ಆಯಮ್ಮ ಯಾಕೆ ಬರಲಿಲ್ಲ ಅಂತ ಕೇಳಿದರು. ಬೇರೆ ಅಂಗಡಿಯಲ್ಲಿ ತೆಗೆದುಕೊಂಡಿರಬೇಕು ಎಂದೆ. ಅವರು ತಲೆ ಅಲ್ಲಾಡಿಸಿದರು. ತಡವಾಗಿ ಬರುವವರು ಮಾತ್ರೆ ಬಿಟ್ಟಿರುತ್ತಾರೆ ಎಂದಷ್ಟೇ ಹೇಳಿದರು.

ಹತ್ತು ದಿನ ತಡವಾಗಿ ಆಕೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ನನ್ನ ಮುಂದಿಟ್ಟರು. ಸುಮಾರು ಮೂರರಲ್ಲೊಂದು ಪಾಲು ಹಾಗೇ ಉಳಿದಿತ್ತು.

"ಒಂದೂ ಎಚ್ಚಾಗಿ ಮುಟ್ನಿಲ್ಲ ಕಣವ್ವ. ನೀ ಏಳ್ದಂಗೇ ಮಾಡ್ದೆ. ರಾತ್ರಿ ಬಸ್ಸು ಬರ್ನಿಲ್ಲ, ನಾನೂ ನುಂಗ್ನಿಲ್ಲ."

ಮೋರಿ ಕಟ್ಟಲು ರಸ್ತೆ ಅಗೆದಿದ್ದರಂತೆ. ಬೆಳಗಿನ ಬಸ್ಸು ಸುತ್ತು ಹಾಕಿಕೊಂಡು ಬರುತ್ತಿತ್ತು, ರಾತ್ರಿಯದು ನಿಂತೇಹೋಗಿತ್ತು. ಆಕೆ ದಿನಾ ಜಗುಲಿಯಲ್ಲಿ ಕೂತು ಕಾದಿದ್ದಾರೆ, ಬಸ್ಸು ಬರಲಿಲ್ಲ ಅಂತ ಎದ್ದು ಮಲಗಿದ್ದಾರೆ. ಮೂರನೆಯ ವಾರ ಶಾಲೆಯ ಒಲೆಯ ಮುಂದೆ ಮೂರ್ಛೆ ಬಂದು, ಕುದಿಯುವ ಸಾರಿನ ಪಾತ್ರೆ ಕೈಮೇಲೆ ಮಗುಚಿಕೊಂಡಿದೆ. ಮಕ್ಕಳು ಹತ್ತಿರ ಇರಲಿಲ್ಲ, ಅಷ್ಟೇ ಪುಣ್ಯ. ಮಾರನೆಯ ದಿನದಿಂದ ಅಡುಗೆಗೆ ಬೇರೊಬ್ಬರು.

ಬಸ್ಸು ಬಂದ ಮೇಲೇ ಅಂತ ಅಷ್ಟು ಕಟ್ಟುನಿಟ್ಟಾಗಿ ಹೇಳಿದ್ದು ಯಾರು ಅಂತ ಯಜಮಾನರು ಕೇಳಿದರು. ನಾನು ಎಂದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನೀನು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದಾರಮ್ಮ" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ.

ಅವತ್ತೇ ಆಕೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಆಕೆಯದೇನೂ ತಪ್ಪಿಲ್ಲ, ನಾನೇ ಹೀಗೆ ಹೇಳಿದ್ದೆ ಎಂದೆ. ಹೊರಗೆ ಬಂದ ಮೇಲೆ ಆಕೆ ನನ್ನ ಮೇಲೆಯೇ ರೇಗಿದರು. ವಯಸ್ಸಿನ ಹುಡುಗಿ, ಯಾಕೆ ಮೈಮೇಲೆ ಹಾಕಿಕೊಂಡೆ, ಕೆಲಸ ಹೋದರೆ ಏನು ಮಾಡ್ತೀಯ ಅಂತ. ಮಾತ್ರೆ ತಪ್ಪಿದ್ದಕ್ಕೇ ಹೀಗಾಯಿತು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಸೋಮವಾರ ನಾನು ಆ ಶಾಲೆಗೂ ಹೋದೆ. ಹೆಡ್‌ಮಾಸ್ಟರು ಒಳ್ಳೆಯವರು, ಕುರ್ಚಿ ಹಾಕಿ ಕೂರಿಸಿ ಎಲ್ಲ ಕೇಳಿದರು. ಆದರೆ ಮಕ್ಕಳಿರುವ ಜಾಗ, ಇನ್ನು ಒಲೆ ಕೊಡಲಾರೆ ಎಂದರು. ಚೀಟಿ ಮಡಚಿಕೊಂಡು ಎದ್ದು ಬಂದೆ.

ಮುಂದಿನ ತಿಂಗಳು ಆಕೆ ಸರಿಯಾದ ದಿನಕ್ಕೆ ಬಂದರು, ಕೈಯಲ್ಲಿ ಡಬ್ಬಿ. ನಾನು ಬಾಯಿ ತೆರೆಯುವ ಮೊದಲೇ ಕೌಂಟರಿನ ಮೇಲೆ ಕೈಯಿಟ್ಟು ತಾವೇ ಒಪ್ಪಿಸಿದರು.

"ಬೆಳಿಗ್ಗೆ ಒಂದು, ರಾತ್ರಿ ಒಂದು. ಬಸ್ಸು ಬಂದ್ರೂ ಒಂದು, ಬರ್ದಿದ್ರೂ ಒಂದು. ಸರೀನಾ? ಬೋಯ್ಬ್ಯಾಡ ಕಣವ್ವ."

ನನಗೆ ಅಳು ತಡೆಯಲಾಗಲಿಲ್ಲ. ಮಾತ್ರೆ ಎಣಿಸುವ ನೆಪದಲ್ಲಿ ತಿರುಗಿ ನಿಂತೆ.

ಸಂಜೆ ರೂಮಿಗೆ ಹೋಗಿ ಡಬ್ಬಿ ತೆರೆದೆ. ಉಪ್ಪೆಸರಿಗೆ ಉಪ್ಪೇ ಸಾಲದು, ಖಾರ ನುಣ್ಣಗೆ ಅರೆದಿರಲಿಲ್ಲ. ಮರುತಿಂಗಳು ಬಂದಾಗ ಮೆಲ್ಲಗೆ ಕೇಳಿದೆ. ಸೊಸೆ ಮಾಡಿದ್ದಂತೆ. ಮನೆಯಲ್ಲೂ ಮಗ ಒಲೆಯ ಹತ್ತಿರ ಬಿಡುವುದಿಲ್ಲವಂತೆ. ದೂರ ಕೂತು ಹೇಳಿಕೊಡುತ್ತೇನೆ, ಅವಳಿಗೆ ಹದ ಬರೋದಿಲ್ಲ ಎಂದರು. ನಾನು ಆ ಅಂಗಡಿ ಬಿಡುವವರೆಗೂ ಆ ಡಬ್ಬಿ ತಿಂಗಳು ತಪ್ಪದೆ ಬಂತು, ಒಂದು ಸಲವೂ ಉಪ್ಪು ಸರಿಯಾಗಿರಲಿಲ್ಲ. ನಾನು ಒಂದು ಸಲವೂ ಮೇಲೆ ಉಪ್ಪು ಹಾಕಿಕೊಳ್ಳಲಿಲ್ಲ.